ಹತ್ತೊಂಬತ್ತನೇ ಸಾಲು

ಜನವರಿ 7, 2025. ಮಂಗಳವಾರ

ಬೆಳಿಗ್ಗೆ ಚಾಕು ಮಸೆದೆ. ಕೆಲಸ ಇಲ್ಲ. ಆದರೂ ಮಸೆದೆ. ಕಸಿ ಕಟ್ಟುವವನ ಚಾಕು ತುಕ್ಕು ಹಿಡಿಯಬಾರದು.

ಗೊಬ್ಬರದ ಅಂಗಡಿಯವನು ಈ ವರ್ಷದ ಡೈರಿ ಕೊಟ್ಟ. ಗೆರೆ ತೀರ ಸಣ್ಣ. ಒಂದು ಬಿಟ್ಟು ಒಂದು ಗೆರೆಯಲ್ಲಿ ಬರೆಯುತ್ತಿದ್ದೇನೆ. ಮೊಮ್ಮಗಳು ಬುಶ್ರಾ ಹಿಂದೆ ಬಂದು ನಿಂತು ಇಣುಕಿದಳು.

"ದಾದಾ, ನಿಮ್ಮ ಅಕ್ಷರ ಇರುವಿ ಹೊಂಟಂಗ ಹೊಂಟಾವ. ಒಂದೂ ಗೆರಿ ಮ್ಯಾಲ ನಿಂತಿಲ್ಲ."

"ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಹಿಂಗ ಇರ್ತಾವ. ನಡಿ ಒಳಗ" ಎಂದೆ.

ಅಕ್ಷರದ ತಪ್ಪಲ್ಲ ಅದು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಮೇಲಾಯಿತು. ಬಿಸಿಲಲ್ಲಿ ಎಲ್ಲ ಹಾಲು ಚೆಲ್ಲಿದ ಹಾಗೆ. ಯಾರಿಗೂ ಹೇಳಿಲ್ಲ. ಕಣ್ಣು ಕಾಣದವನನ್ನು ಯಾವ ತೋಟಕ್ಕೆ ಕರೆಯುತ್ತಾರೆ. ಬೆರಳಿಗೆ ಕಣ್ಣಿದೆ ನನಗೆ. ಕಡ್ಡಿ ಸೀಳುವುದು, ಕೂರಿಸುವುದು, ಪಟ್ಟಿ ಸುತ್ತುವುದು — ಎಲ್ಲ ಬೆರಳೇ ಮಾಡುತ್ತದೆ.

ಪರಪ್ಪನ ಮಗ ಸಂಗು ಫೋನು ಮಾಡಿದ್ದ. ಹೊರ್ತಿಯಿಂದ ಆರು ಮೈಲಿ, ಪರಪ್ಪನ ತೋಟ. ಮೊದಲು ಬರೀ ಲಿಂಬೆ ಇತ್ತು. ಈಗ ಅಪ್ಪ, ಮಗ, ಮಗಳು ಕೂಡಿ ವೈನರಿ ಮಾಡಿದ್ದಾರೆ. ದ್ರಾಕ್ಷಿಗೆ ಕಸಿ ಕಟ್ಟಿದ್ದು ನಾನು. ಮೊದಲ ಫಸಲು ಈ ಸಲ. ನೋಡಲು ಬರಬೇಕಂತೆ. ಗೋಡೆಯ ಮೇಲೆ ಏನೋ ಮಾಡಿದ್ದಾನಂತೆ, ನಾನು ಬಂದರೇ ತೋರಿಸುವುದಂತೆ.

ಏನು ಗೋಡೆಯೋ.


ಜನವರಿ 11

ಹಲ್ಲು ನೋವು. ಕೆಳಗಿನ ಬಲಗಡೆ. ಲವಂಗ ಇಟ್ಟುಕೊಂಡೆ.

ಹೋಗುವುದೋ ಬೇಡವೋ. ಜನ ಇರುತ್ತಾರೆ. 'ಈ ಎಲಿ ನೋಡ್ರಿ, ಈ ಚುಕ್ಕಿ ನೋಡ್ರಿ' ಎನ್ನುತ್ತಾರೆ. ನೋಡಿದ ಹಾಗೆ ಮಾಡಬೇಕು. ಅದು ಬಲು ಕಷ್ಟದ ಕೆಲಸ.

ಹೆಂಡತಿ ಜೈತುನಬಿ ಅಂದಳು — "ಮೂವತ್ತು ವರ್ಷ ಮಂದಿ ತೋಟಕ್ಕ ಹೋದ್ರಿ, ಒಬ್ಬರರ ಕರದು ಕುಂದ್ರಿಸಿ ಚಾ ಕೊಟ್ಟಾರೇನು? ಇವರು ಕರದಾರ. ಹೋಗ್ರಿ ಸುಮ್ನ."

"ಅಲ್ಲಿ ಚಾ ಕೊಡೂದಿಲ್ಲ."

"ನಿಮಗ ಏನ್ ಕೊಡಬೇಕು ಅಂತ ಅವರಿಗೆ ತಿಳಿತೈತಿ. ಕುಡೀ ಅಂತ ಬಾಯಾಗ ಹಾಕ್ತಾರೇನು?"

ಅದೂ ಖರೆ. ನಾನು ಗಿಡ ಕಟ್ಟುತ್ತೇನೆ. ಮುಂದಿನದು ಅವರಿಗೆ ಬಿಟ್ಟದ್ದು.


ಜನವರಿ 19, ರವಿವಾರ. ಸಂಜೆ

ಹೋಗಿ ಬಂದೆ.

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಬುಶ್ರಾಳ ಸ್ಕೂಟಿ ಮೇಲೆ ಹೋದೆವು. ಮನೆ, ಕಾರಖಾನೆ ಎರಡೂ ಒಂದೇ ಕಟ್ಟಡ. ಅದೇ ಹೊಲದ ಮಣ್ಣಿನ ಇಟ್ಟಿಗೆ, ಮೇಲೆ ಸುಣ್ಣ. ಒಳಗೆ ಹೋದರೆ ಮಣ್ಣಿನ ಗಡಿಗೆಯೊಳಗೆ ಇಳಿದಷ್ಟು ತಂಪು. ಪಡುವಣ ಗೋಡೆಗೆ ಹಳೆ ಬಾಟಲಿಯ ತಳ ಕೂರಿಸಿದ್ದಾರೆ, ನೂರಾರು. ಹಸಿರು, ಕಂದು ಬೆಳಕು ನೆಲಕ್ಕೆ ಬೀಳುತ್ತದೆ. ಅಷ್ಟು ನನಗೂ ಕಂಡಿತು.

ಹೊರಗೆ ಸಾಲಿನ ನಡುವೆ ಕುರಿ ಮೇಯುತ್ತಿದ್ದವು. ಪರಪ್ಪ ಅಂದ — "ಕಸಾ ತೆಗಿಯಾಕ ಇವನ್ನ ಇಟ್ಟೇನಿ ಫಕೀರಸಾಬಣ್ಣ. ಔಷಧ ಹೊಡಿಯೂದು ಬಿಟ್ಟೇವಿ. ಇವು ರಜಾ ಕೇಳಂಗಿಲ್ಲ, ಫೋನ್ ಒತ್ತಂಗಿಲ್ಲ." ಮೂರು ಕುರಿ ನೆಟ್ಟಗೆ ನಿಂತೇ ಇದ್ದವು. ಒಂದರ ಬೆನ್ನು ಸವರಿದೆ. ಪ್ಲಾಸ್ಟಿಕ್. ಹರಿದ ಡ್ರಿಪ್ ಪೈಪು ಸುತ್ತಿ ಸಂಗು ಮಾಡಿದ್ದು. ಬುಶ್ರಾ ನಕ್ಕಳು. ಅವಳಿಗೆ ತಮಾಷೆ. ನನಗೆ ಬೆವರು.

ಒಳಗೆ ಗೋಡೆಗೆ ಕೌದಿ ತೂಗು ಹಾಕಿದ್ದಾರೆ. ಹೊದೆಯುವುದನ್ನು ಗೋಡೆಗೆ ಯಾಕೆ ಹಾಕಿದ್ದೀರಿ ಎಂದು ಕೇಳಿದೆ. "ನಮ್ಮ ಅಮ್ಮ ಹೊಲದದ್ದು ಕಾಕಾರ, ಕಡೀದು" ಎಂದಳು ಪರಪ್ಪನ ಮಗಳು ಭಾಗ್ಯಾ. ವೈನು ಮಾಡುವುದು ಭಾಗ್ಯಾ. ನಾಸಿಕದಲ್ಲಿ ಕಲಿತು ಹೋದ ವರ್ಷ ಬಂದಿದ್ದಾಳೆ. ತೊಟ್ಟಿ ತೊಳೆದ ನೀರು ಬಾಳೆಗೆ ಹೋಗುತ್ತದಂತೆ, ಸಿಪ್ಪೆ ಗೊಬ್ಬರಕ್ಕಂತೆ, ಮಳೆ ನೀರು ಹೊಂಡಕ್ಕಂತೆ. ಒಂದು ತೊಟ್ಟು ಹೊರಗೆ ಹೋಗುವುದಿಲ್ಲವಂತೆ. ಲಿಂಬೆ ಶರಬತ್ತು ಕೊಟ್ಟಳು. ಒಳ್ಳೆಯ ಹುಡುಗಿ.

ಆಮೇಲೆ ಸಂಗು ಪರದೆ ಸರಿಸಿದ.

ಕೈ. ನನ್ನ ಕೈ. ಬಾಗಿಲಿನಷ್ಟು ಎತ್ತರ. ಸುಣ್ಣದ ಗಾರೆಯಲ್ಲಿ ಉಬ್ಬಿಸಿ ಮಾಡಿದ್ದಾನೆ. ಬಲಗೈಯಲ್ಲಿ ಚಾಕು, ಎಡಗೈಯಲ್ಲಿ ಕಡ್ಡಿಯ ಕಟ್ಟು. ಮುರಿದು ಸೊಟ್ಟಗೆ ಕೂಡಿದ ಕಿರುಬೆರಳೂ ಹಾಗೇ ಇದೆ. ಮಂದಿ ಚಪ್ಪಾಳೆ ತಟ್ಟಿದರು. ಪರಪ್ಪ ಅಂದ, "ಈ ಕೈ ಇಲ್ಲಂದ್ರ ಈ ತೋಟ ಇಲ್ಲ."

ಕಾಣುವುದಿಲ್ಲ ಎಂದು ತೋರಬಾರದು ಅಂತ ಹತ್ತಿರ ಹೋಗಿ ಮುಟ್ಟಿ ನೋಡಿದೆ. ಬೆರಳು, ಉಗುರು, ಕಡ್ಡಿ. ಕಡ್ಡಿಗೆ ಸುತ್ತಿದ ದಾರ. ಗಂಟು.

ಒಂದೇ ಗಂಟು.

ಇನ್ನೊಮ್ಮೆ ಮುಟ್ಟಿದೆ. ಒಂದೇ.

"ಸಂಗು, ಇದನ್ನ ಹೆಂಗ ಮಾಡ್ದಿ?"

"ಫೋಟೊ ನೋಡಿ ಕಾಕಾರ. ನೀವು ಕೆಲಸ ಮುಗಿಸಿದ ದಿನ ತಗದಿದ್ದೆ. ಫೋಟೊದಾಗ ಹೆಂಗೈತಿ ಹಂಗ. ಒಂದು ಎಳಿ ಹೆಚ್ಚುಕಮ್ಮಿ ಮಾಡಿಲ್ಲ."

ಬಾಟಲಿಯ ಚೀಟಿಗೂ ಇದೇ ಕೈ ಹಾಕುತ್ತೇನೆ ಎಂದ. ಗೋಡೆ ಮೇಲಿರಲಿ, ಬಾಟಲಿ ಮೇಲೆ ಬೇಡ ಎಂದೆ. ಆಗಲಿ ಎಂದ. ಅಷ್ಟಕ್ಕೆ ಎದ್ದು ಬಂದೆ. ಊಟಕ್ಕೆ ನಿಲ್ಲಲಿಲ್ಲ.


ಜನವರಿ 20

ನನ್ನ ಪದ್ಧತಿ ಹೀಗೆ. ಕಡ್ಡಿಯ ಕಟ್ಟಿಗೆ ದಾರ. ಒಣದ್ರಾಕ್ಷಿಯ ಥಾಮ್ಸನ್ ಆದರೆ ಒಂದು ಗಂಟು. ಬೇರೆ ಯಾವ ಜಾತಿ ಆದರೂ ಎರಡು. ಚೀಟಿ ಕಟ್ಟಿದರೆ ಒದ್ದೆ ಚೀಲದಲ್ಲಿ ಅಕ್ಷರ ಕರಗುತ್ತದೆ. ಗಂಟು ಕರಗುವುದಿಲ್ಲ.

ಪರಪ್ಪನ ತೋಟದಲ್ಲಿ ಕಟ್ಟಿದ್ದು ವೈನಿನ ಚೆನಿನ್. ಎರಡು ಗಂಟು ಇರಬೇಕು. ಗೋಡೆಯ ಮೇಲೆ ಒಂದು.

ಟ್ರಂಕಿನಿಂದ 2023ರ ಡೈರಿ ತೆಗೆದೆ. ಅಂಗಳದ ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ಟು ಓದಿದೆ. ಸೆಪ್ಟೆಂಬರ್ 11ರ ಪುಟ: 'ಪರಪ್ಪನ ಕೆಲಸ ಮುಗಿಯಿತು. ಹದಿನೆಂಟನೇ ಸಾಲಿಗೆ ಕಡ್ಡಿ ಕಡಿಮೆ ಬಿತ್ತು. ಮನೆಯ ಚೀಲದಲ್ಲಿ ಒಂದು ಕಟ್ಟು ಸಿಕ್ಕಿತು. ಅದನ್ನೂ ಕಲಸಿ 22ರ ತನಕ ಮುಗಿಸಿದೆ.'

ಮನೆಯ ಚೀಲ. ಅದರ ಹಿಂದಿನ ವಾರ ಮನಗೂಳಿಯಲ್ಲಿ ಥಾಮ್ಸನ್ ಕಟ್ಟಿ ಬಂದಿದ್ದೆ. ಉಳಿದ ಕಡ್ಡಿ ಒಗೆಯುವುದಿಲ್ಲ ನಾನು. ಜೀವ ಇರುತ್ತದೆ. ಒದ್ದೆ ಚೀಲದಲ್ಲಿ ಸುತ್ತಿ ನೀರಿನ ಕೊಡದ ಬದಿಗೆ ಇಡುತ್ತೇನೆ, ಯಾರಾದರೂ ಬಡವ ಕೇಳಿದರೆ ಕೊಡಲು. ಪರಪ್ಪನ ಚೆನಿನ್ ಕಟ್ಟುಗಳನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದೆ.

ಜೈತುನಬಿಯ ಮೇಲೆ ಹರಿಹಾಯ್ದೆ. "ಎರಡೂ ಜಾತಿ ಒಂದ ಚೀಲದಾಗ ಹಾಕಿದಾಕಿ ನೀ. ಗಂಟು ಬಿಚ್ಚಿ ಕಟ್ಟಿದಾಕಿ ನೀ."

"ನೀರ ಹೊಡಿ ಅಂದ್ರಿ, ಹೊಡದೇನಿ. ಗಂಟ ನಾ ಮುಟ್ಟಿಲ್ಲ. ಏನಾಗೇತಿ ಅದಕ್ಕ, ವರ್ಷಗಟ್ಲೆ ಆದ ಮ್ಯಾಲ?"

"ನಿನಗೇನ್ ತಿಳಿತೈತಿ."

ರೊಟ್ಟಿ ತಾಟಿಗೆ ಹಾಕಿ ಒಳಗೆ ಹೋದಳು. ಇನ್ನೊಂದು ಬೇಕೇ ಎಂದು ಕೇಳಲಿಲ್ಲ.


ಜನವರಿ 22

ಸಂಗು ತಪ್ಪು ಮಾಡಿರಬಹುದು. ಚಿತ್ರ ಬರೆಯುವವರಿಗೆ ಗಂಟಿನ ಲೆಕ್ಕ ಎಲ್ಲಿರುತ್ತದೆ.

ಆದರೆ ಕಿರುಬೆರಳು ಸರಿಯಾಗಿ ಮಾಡಿದ್ದಾನೆ.


ಜನವರಿ 24, ಶುಕ್ರವಾರ

ನಮಾಜು ಮುಗಿಸಿ ಬಸ್ಸಿಗೆ ಹೋದೆ. ಕ್ರಾಸಿನಿಂದ ನಡೆದೆ. ಪರಪ್ಪನಿಗೆ, ಕಸಿಯ ಕೀಲು ಹೇಗೆ ಕೂಡಿದೆ ನೋಡಿ ಹೋಗುತ್ತೇನೆ ಎಂದೆ. ಸುಳ್ಳು ಸಲೀಸಾಗಿ ಬಂತು.

ಸಾಲಿನ ಕಲ್ಲುಕಂಬಕ್ಕೆ ಅಂಕಿ ಕೆತ್ತಿಸಿದ್ದಾನೆ ಸಂಗು. ಅದು ಒಂದು ಪುಣ್ಯ. ಕೈಯಾಡಿಸಿ ಹತ್ತೊಂಬತ್ತು ಹುಡುಕಿದೆ. ಮೊದಲ ಗಿಡದ ಒಂದು ಹಣ್ಣು ಬಾಯಿಗೆ ಹಾಕಿದೆ. ಹುಳಿ. ಕಚ್ಚಿದೆ. ಬೀಜ ಸಿಕ್ಕಿತು. ಎರಡು. ಜೀವ ಬಂತು. ಎರಡನೇ ಗಿಡ, ಬೀಜ. ಮೂರನೇ ಗಿಡ, ಬೀಜ.

ನಾಲ್ಕನೆಯದು — ಇಲ್ಲ. ಇನ್ನೊಂದು ಹಣ್ಣು ತೆಗೆದೆ. ಇಲ್ಲ. ಬೇರೆ ಗೊಂಚಲು. ಇಲ್ಲ.

ಥಾಮ್ಸನ್ನಿಗೆ ಬೀಜ ಇರುವುದಿಲ್ಲ. ಇದು ಥಾಮ್ಸನ್. ನಾನೇ ಕಟ್ಟಿದ್ದು.

ಗಿಡದ ಬುಡದಲ್ಲಿ ಕೂತುಬಿಟ್ಟೆ.

ಯಾರಿಗೂ ಯಾಕೆ ತಿಳಿದಿಲ್ಲ ಎಂದರೆ — ನಮ್ಮ ಕಡೆ ಎಲ್ಲರೂ ಥಾಮ್ಸನ್ ಗೊಂಚಲನ್ನು ಜಿ.ಎ. ಔಷಧದ ನೀರಿನಲ್ಲಿ ಅದ್ದುತ್ತಾರೆ. ಕಾಯಿ ಉದ್ದ ಆಗುತ್ತದೆ, ದಪ್ಪ ಆಗುತ್ತದೆ. ಅದನ್ನೇ ಜನ ಥಾಮ್ಸನ್ ಎಂದು ಗುರುತು ಹಿಡಿಯುವುದು. ಪರಪ್ಪನ ಮನೆಯವರು ಔಷಧ ಮುಟ್ಟುವುದಿಲ್ಲ. ಔಷಧ ಕಾಣದ ಥಾಮ್ಸನ್ ಹೀಗೇ, ಸಣ್ಣಗೆ, ದುಂಡಗೆ, ಒತ್ತೊತ್ತಾಗಿ. ಚೆನಿನ್ ಹಾಗೇ. ಎಲೆಯಲ್ಲಿ ಫರಕು ಇದೆ. ನೋಡುವ ಕಣ್ಣಿರಬೇಕು. ಅಷ್ಟು ದ್ರಾಕ್ಷಿ ನೋಡಿದವನು ಆ ತೋಟದಲ್ಲಿ ನಾನೊಬ್ಬನೇ.

ಪರಪ್ಪ ಬಂದ. "ಯಾಕಣ್ಣ, ತಲಿ ತಿರುಗಿತೇನು?"

"ಬಿಸಿಲು."

"ಕೀಲು ಹೆಂಗದಾವ?"

"ಗಟ್ಟಿ ಅದಾವ" ಎಂದೆ. ಅದು ಸುಳ್ಳಲ್ಲ. ಕೀಲು ಗಟ್ಟಿಯಾಗಿಯೇ ಕೂಡಿವೆ. ಅದೇ ದೊಡ್ಡ ಸಂಕಟ.


ಫೆಬ್ರವರಿ 3

ಹತ್ತು ದಿನ ಬರೆಯಲಿಲ್ಲ. ಏನು ಬರೆಯುವುದು.

ಇಂಡಿ ಪಟ್ಟಣದಲ್ಲಿ ಮದುವೆಗೆ ಹೋಗಿದ್ದೆ. ಒಬ್ಬ ರೈತ ಬಂದು ಕೈ ಹಿಡಿದ. ಆಗಸ್ಟಿಗೆ ನಾಲ್ಕು ಎಕರೆ ಕಸಿ ಇದೆ, ನೀವೇ ಬರಬೇಕು ಅಂದ. "ಪರಪ್ಪನ ಗ್ವಾಡಿ ಮ್ಯಾಲ ನಿಮ್ಮ ಕೈ ನೋಡಿ ಬಂದೇನ್ರಿ" ಅಂದ. ಬರುತ್ತೇನೆ ಎಂದೆ. ಯಾಕೆ ಎಂದೆನೋ.




ಫೆಬ್ರವರಿ 9, ರವಿವಾರ

ಭಾಗ್ಯಾ ಬುಶ್ರಾಗೆ ಫೋನು ಮಾಡಿದ್ದಾಳೆ. ಈಗ ಅವರಿಬ್ಬರೂ ಗೆಳತಿಯರು. ದ್ರಾಕ್ಷಿ ಕೊಯ್ಲು 27ಕ್ಕೆ. ದಾದಾನನ್ನು ಕರೆದುಕೊಂಡು ಬಾ, ಮೊದಲ ಗೊಂಚಲು ಅವರೇ ಕತ್ತರಿಸಬೇಕು ಅಂದಳಂತೆ.

ಇನ್ನೊಂದು ಮಾತು. ಹಣ್ಣಿನ ಸಕ್ಕರೆ ಅಳೆಯುವಾಗ ಕಡೆಯ ಸಾಲುಗಳಲ್ಲಿ ಒಂದೊಂದು ಸಲ ಒಂದೊಂದು ಅಂಕಿ ಬರುತ್ತಿದೆಯಂತೆ. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದು ತರಿಸುತ್ತಿದ್ದಾಳಂತೆ.

ಯಂತ್ರ ಕೆಟ್ಟಿಲ್ಲ.

"ಅದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಂತಾಳ? ದ್ರಾಕ್ಷಿ ಹಿಂಡಿದ ಮ್ಯಾಲ ಎಲ್ಲಾ ಒಂದ" ಎಂದೆ. ಸುಮ್ಮನೆ, ಬುಶ್ರಾ ಏನನ್ನುತ್ತಾಳೆ ನೋಡಲು.

"ಒಂದ ಹೆಂಗ ಆಕ್ಕೈತಿ ದಾದಾ? ಒಂದ ಜಾತಿ ಅಂತ ಬಾಟಲಿ ಮ್ಯಾಲ ಬರಿತಾಳ ಆಕಿ. ಬ್ಯಾರೆದು ಕೂಡಿದ್ರ ಸುಳ್ಳ ಬರದಂಗ. ಮೊದಲನೇ ವೈನು ಆಕಿದು. ರಾತ್ರಿ ನಿದ್ದಿ ಇಲ್ಲ ಆಕಿಗೆ."

ನನಗಿದೆಯೇ.


ಫೆಬ್ರವರಿ 10

ಹೇಳದಿದ್ದರೆ ಏನಾಗುತ್ತದೆ? ಕಲಸಿ ಹೋಗುತ್ತದೆ. ಯಾರಿಗೆ ಗೊತ್ತಾಗುತ್ತದೆ. ಸಾವಿರ ಗಿಡದಲ್ಲಿ ಐವತ್ತೋ ನೂರೋ.

ಹೇಳಿದರೆ? ಹೇಗೆ ತಪ್ಪಿದಿರಿ ಎಂದು ಕೇಳುತ್ತಾರೆ. ಗಂಟು ಕಾಣಲಿಲ್ಲ ಎನ್ನಬೇಕು. ಯಾಕೆ ಕಾಣಲಿಲ್ಲ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಹೊರ್ತಿಯಿಂದ ತಾಳಿಕೋಟೆ ತನಕ ಸುದ್ದಿ ಹೋಗುತ್ತದೆ, ಫಕೀರಸಾಬನಿಗೆ ಕಣ್ಣಿಲ್ಲ ಅಂತ. ಇಷ್ಟು ವರ್ಷ ಕಟ್ಟಿದ್ದೆಲ್ಲ ಜನ ತಿರುಗಿ ನೋಡುತ್ತಾರೆ. ಒಳ್ಳೆಯದಕ್ಕೂ ಸಂಶಯ ಬರುತ್ತದೆ.

ಇನ್ನೊಂದು ಮಾತು ಇವತ್ತು ಹೊಳೆಯಿತು. ಗಂಟು ಕಾಣಲಿಲ್ಲ, ಖರೆ. ಬೆರಳಿಗೆ ಯಾಕೆ ಸಿಗಲಿಲ್ಲ? ಬೆರಳಿಗೆ ಕಣ್ಣಿದೆ ಎನ್ನುವವನು ನಾನು. ಆ ದಿನ ಕಡ್ಡಿ ಕಡಿಮೆ ಬಿತ್ತು, ಮಳೆ ಬರುವ ಹಾಗಿತ್ತು, ಮುಗಿಸಿ ಹೋಗುವ ಅವಸರ. ದಾರ ನೆನೆದು ಉಬ್ಬಿತ್ತು. ದಪ್ಪ ಗಂಟು ಸಿಕ್ಕಿತು, ಎರಡೇ ಇರಬೇಕು ಎಂದುಕೊಂಡೆ. ಒಮ್ಮೆ ಬಿಸಿಲಿಗೆ ಹಿಡಿದು ಯಾರಿಗಾದರೂ ತೋರಿಸಿ ಕೇಳಿದ್ದರೆ ಆಗುತ್ತಿತ್ತು. ಸಂಗು ಅಲ್ಲೇ ಫೋಟೊ ತೆಗೆಯುತ್ತಿದ್ದ. ಕೇಳಲಿಲ್ಲ.

ಜೈತುನಬಿ ಗಂಟು ಮುಟ್ಟಿಲ್ಲ.


ಫೆಬ್ರವರಿ 17, ಸೋಮವಾರ

ಸಿಕ್ಕಿಬಿದ್ದೆ.

ಜೈತುನಬಿ ಸೂಜಿ ದಾರ ಹಿಡಿದು ಬಂದಳು. ಕೌದಿಯ ಅಂಚು ಕಿತ್ತಿತ್ತು. ಇಪ್ಪತ್ತೆಂಟು ದಿನದಿಂದ ಸರಿಯಾಗಿ ಮಾತಿಲ್ಲ, ಇದೊಂದು ನೆಪ. ಪೋಣಿಸಿ ಕೊಡಿ ಎಂದಳು. ಎಂಟು ಸಲ ಪ್ರಯತ್ನ ಮಾಡಿದೆ. ಬುಶ್ರಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಎದ್ದು ಬಂದು ಮುಂದೆ ನಿಂತಳು.

"ದಾದಾ, ಇವು ಎಷ್ಟು ಬೆರಳು?"

"ಕಿಮ್ಮತ್ತಿಲ್ಲೇನು ನಿನಗ, ಹಿರಿಯರ ಪರೀಕ್ಷಾ ಮಾಡ್ತಿ?"

"ಎಷ್ಟು ಹೇಳ್ರಿ."

"ಮೂರು."

"ಕೈನ ಎತ್ತಿಲ್ಲ ನಾ."

ಜೈತುನಬಿ ನನ್ನ ಕೈಯ ಸೂಜಿ ತೆಗೆದು ಕೆಳಗಿಟ್ಟಳು. ಆಮೇಲೆ ಎಲ್ಲ ಹೇಳಿದೆ. ಚೀಲ, ಗಂಟು, ಹತ್ತೊಂಬತ್ತನೇ ಸಾಲು.

ಬುಶ್ರಾ ಕೇಳಿ ಮುಗಿಸಿ ಅಂದಳು — "ನೀವು ಹೇಳ್ತೀರೋ, ನಾ ಹೇಳ್ಲೋ?"

"ನೀ ಬಾಯಿ ತಗದಿ ಅಂದ್ರ ಕಾಲು ಮುರಿತೇನಿ."

"ಮುರೀರಿ. ಮೊದಲ ಕಾಲು ಎಲ್ಲೈತಿ ಹುಡುಕಿ ಮುರೀರಿ."

ಜೈತುನಬಿ ನಕ್ಕುಬಿಟ್ಟಳು. ತಿಂಗಳ ಮೇಲೆ ಆ ನಗು ಕೇಳಿದೆ. ನನಗೆ ನಗು ಬರಲಿಲ್ಲ.


ಫೆಬ್ರವರಿ 20

ಇನ್ನು ಏಳು ದಿನ.

ಇವತ್ತು ಹೋಗಬೇಕೆಂದು ಅಂಗಿ ಹಾಕಿದೆ. ಬಸ್ಸು ಬಂತು. ಹತ್ತಲಿಲ್ಲ.


ಫೆಬ್ರವರಿ 22, ಶನಿವಾರ

ಹೇಳಿದೆ.

ಭಾಗ್ಯಾ ತೊಟ್ಟಿ ತೊಳೆಯುತ್ತಿದ್ದಳು. ಪರಪ್ಪ, ಸಂಗು ಇಬ್ಬರನ್ನೂ ಕರೆ ಎಂದೆ. ಆ ಕೈಯ ಗೋಡೆಯ ಮುಂದೆಯೇ ಕೂರಿಸಿದರು. ಬೇರೆ ಜಾಗ ಇರಲಿಲ್ಲವೇ.

"ಕಡೀ ಸಾಲಿನಾಗ ಥಾಮ್ಸನ್ ಕೂಡೇತಿ. ಕಲಸಿದವ ನಾ. ನಿಮ್ಮ ಯಂತ್ರ ಸರಿ ಐತಿ" ಎಂದೆ. ಅಷ್ಟೇ. ಉದ್ದ ಮಾಡಲಿಲ್ಲ.

ಪರಪ್ಪ ನಗಲು ನೋಡಿದ. "ಏನ್ ಚಾಷ್ಟಿ ಮಾಡ್ತೀಯೋ ಅಣ್ಣ."

ಭಾಗ್ಯಾ ನಗಲಿಲ್ಲ. "ಎಂದ ಗೊತ್ತಾತ್ರಿ ನಿಮಗ?"

"ಜನವರಿ ಇಪ್ಪತ್ನಾಕು."

"ಒಂದ ತಿಂಗಳ. ಒಂದ ತಿಂಗಳ ನಾ ಆ ಯಂತ್ರಾ ಹಿಡ್ಕೊಂಡು ಹುಚ್ಚಿ ಆಗೇನಿ ಕಾಕಾರ. ಇನ್ನ ಐದು ದಿನ ಸುಮ್ಮನಿದ್ದಿದ್ರ ಎಲ್ಲಾ ಒಂದ ತೊಟ್ಯಾಗ ಹೋಗ್ತಿತ್ತು. ಬಾಟಲಿ ಮ್ಯಾಲ ಹೆಸರ ಬರಿಯಾಕಿ ನಾನು. ಸುಳ್ಳಿ ಅನಿಸ್ಕೊಳಾಕಿ ನಾನು."

ಪರಪ್ಪ ಅಂದ, "ಭಾಗ್ಯಾ, ಹಿರ್ಯಾರು."

"ಹಿರ್ಯಾರು ಅಂತನ ಕೇಳಾಕತ್ತೇನಿ ಅಪ್ಪಾ. ಗಿಡ ತಪ್ಪಿದ್ದು ತಪ್ಪಲಿ. ಹೇಳಾಕ ಏನಾಗಿತ್ತು?"

ಆಗ ಕಣ್ಣಿನ ಮಾತು ಹೇಳಿದೆ. ಕಟ್ಟುವಾಗಲೇ ಕಾಣುತ್ತಿರಲಿಲ್ಲ ಎಂದು ಹೇಳಿದೆ. ಹೊರಗೆ ಒಂದು ಕುರಿ ಅರಚುತ್ತಿತ್ತು. ಸಂಗು ಎದ್ದು ಗೋಡೆಯ ಹತ್ತಿರ ಹೋದ. ದಾರದ ಗಂಟು ಮುಟ್ಟಿ ನೋಡಿದನೇನೋ.

ಭಾಗ್ಯಾ ಕೇಳಿದಳು, "ಎಷ್ಟು ಗಿಡ?"

"ಗೊತ್ತಿಲ್ಲ. ಹದಿನೆಂಟರಿಂದ ಇಪ್ಪತ್ತೆರಡನೇ ಸಾಲು. ಎಲ್ಲಾ ಕೂಡಿ ಇನ್ನೂರೈವತ್ತು. ಅದರಾಗ ಯಾವ್ಯಾವು ಅಂತ ಕಣ್ಣೀಲೆ ಹೇಳಾಕ ಬರಂಗಿಲ್ಲ ನನಗ. ಹಲ್ಲೀಲೆ ಹೇಳ್ತೇನಿ. ಗಿಡಕ್ಕೊಂದ ಹಣ್ಣು."

"ಎಲಿ ನೋಡಿ ನಾವ ಹುಡುಕ್ತೇವಿ."

"ನೋಡು. ನೀ ಎಲಿ ನೋಡು, ನಾ ಬೀಜಾ ನೋಡ್ತೇನಿ. ಎರಡೂ ಒಂದ ಹೇಳಿದ್ರ ಗುರುತು ಕಟ್ಟೂಣು."

ಭಾಗ್ಯಾ ಒಳಗೆ ಹೋಗಿ ಹಳೆ ಸೀರೆಯ ಚೂರು ಒಂದು ಬುಟ್ಟಿ ತಂದಿಟ್ಟಳು. ಅವಳ ಅಮ್ಮ ಕೌದಿಗೆಂದು ಕೂಡಿಟ್ಟದ್ದಂತೆ.

"ನಾಳೆ ಏಳಕ್ಕ ಬರ್ರಿ" ಎಂದಳು. ಮುಖ ತಿರುಗಿಸಿಕೊಂಡೇ.


ಫೆಬ್ರವರಿ 23, ರವಿವಾರ

ಹದಿನೆಂಟು, ಹತ್ತೊಂಬತ್ತು ಮುಗಿದವು. ನೂರು ಗಿಡ. ಒಂದೊಂದಕ್ಕೆ ಒಂದು ಹಣ್ಣು. ಅನುಮಾನ ಬಂದರೆ ಎರಡು.

ಕಚ್ಚುವುದು, ನಾಲಿಗೆಯಲ್ಲಿ ಹುಡುಕುವುದು, ಅಂಗೈಗೆ ಉಗುಳಿ ಬೆರಳಲ್ಲಿ ನೋಡುವುದು. ಬೀಜ ಇದ್ದರೆ ಮುಂದೆ. ಇಲ್ಲದಿದ್ದರೆ ಭಾಗ್ಯಾ ಎಲೆ ತಿರುಗಿಸಿ ನೋಡಿ ಹ್ಞೂಂ ಎನ್ನುತ್ತಾಳೆ. ಬುಶ್ರಾ ಚೂರು ಕಟ್ಟುತ್ತಾಳೆ. ಭಾಗ್ಯಾ ಬೇರೆ ಮಾತಾಡುವುದಿಲ್ಲ. ಹ್ಞೂಂ, ಊಹೂಂ, ಅಷ್ಟೇ.

ಮೂವತ್ತೊಂದು ಗಿಡಕ್ಕೆ ಚೂರು ಬಿತ್ತು.

ಬಲಗಡೆಯ ಹಲ್ಲು ಅಲುಗುತ್ತಿದೆ. ಎಡಗಡೆ ಕಚ್ಚುತ್ತಿದ್ದೇನೆ. ಮಾರ್ಚ್ ಎರಡರಿಂದ ರೋಜಾ. ಅದರೊಳಗೆ ಮುಗಿಯಬೇಕು. ಉಪವಾಸದಲ್ಲಿ ದ್ರಾಕ್ಷಿ ಬಾಯಿಗೆ ಹಾಕುವುದು ಹೇಗೆ.


ಫೆಬ್ರವರಿ 24

ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೆರಡು.

ಮಧ್ಯಾಹ್ನ ಒಂದು ಗಿಡಕ್ಕೆ ಬೀಜ ಇಲ್ಲ ಎಂದೆ. ಭಾಗ್ಯಾ ಊಹೂಂ ಎಂದಳು. ಎಲೆ ಚೆನಿನ್ ಅಂದಳು. ಇನ್ನೊಂದು ಹಣ್ಣು ಕಚ್ಚಿದೆ. ಬೀಜ ಇತ್ತು. ಮೊದಲನೆಯದನ್ನು ನುಂಗಿಬಿಟ್ಟಿದ್ದೆ, ಬೀಜ ಸಮೇತ. ಹಾಗೆಂದು ಹೇಳಿದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಮೂಗಿನಿಂದ ಹೊರಬಿತ್ತು.

ಸಂಜೆಗೆ ಎಣಿಸಿದಳು ಬುಶ್ರಾ. ಒಟ್ಟು ಅರವತ್ತೊಂದು. ಸೂರ್ಯ ಇಳಿಯುವಾಗ ಆ ಚೂರುಗಳು ಗಾಳಿಗೆ ಆಡುತ್ತಿದ್ದವಂತೆ. ಕೆಂಪು, ಹಳದಿ, ಹೂವಿನದು. "ಚಂದ ಕಾಣ್ತಾವ ದಾದಾ" ಎಂದಳು ಬುಶ್ರಾ.

ಚಂದ ಅಂತೆ. ಅರವತ್ತೊಂದು ತಪ್ಪು.

ಪರಪ್ಪ ಬಂದು ಪಕ್ಕದಲ್ಲಿ ಕೂತ. ಆ ಗಿಡದ ಹಣ್ಣು ಬೇರೆ ಕೊಯ್ದು ನೆರಳಿನಲ್ಲಿ ಒಣಗಿಸುತ್ತೇವೆ, ಒಣದ್ರಾಕ್ಷಿ ಮಾಡುತ್ತೇವೆ ಎಂದ. ಏನೂ ಹಾಳಾಗುವುದಿಲ್ಲ ಅಣ್ಣ ಎಂದ. ನನಗೆ ಸಮಾಧಾನ ಮಾಡಲು ಬಂದಿದ್ದಾನೆ. ಅದು ಬೈಗುಳಕ್ಕಿಂತ ಕಷ್ಟ.

ಆ ಗಿಡ ಮುಂದೇನು ಮಾಡುತ್ತೀರಿ ಎಂದು ಕೇಳಿದೆ. ಆಗಸ್ಟಿನಲ್ಲಿ ಬುಡ ಕೊಯ್ದು ಮತ್ತೆ ಕಸಿ ಮಾಡಬೇಕು ಎಂದಳು ಭಾಗ್ಯಾ.

"ಯಾರು ಕಟ್ಟೋರು?"

"ಆಗಸ್ಟಿನಾಗ ನೋಡೂಣ್ರಿ."

ಅಷ್ಟೇ ಅಂದಳು. ಕೇಳಬಾರದಿತ್ತು.


ಫೆಬ್ರವರಿ 27

ಕೊಯ್ಲು ಇವತ್ತು. ಹೋಗಲಿಲ್ಲ. ಮೊದಲ ಗೊಂಚಲು ಕತ್ತರಿಸಲು ಅವರೂ ಮತ್ತೆ ಕರೆಯಲಿಲ್ಲ, ಸರಿಯೇ.

ಬೆಳಿಗ್ಗೆ ಮದುವೆಯಲ್ಲಿ ಸಿಕ್ಕ ಆ ಇಂಡಿ ರೈತನಿಗೆ ಬುಶ್ರಾಳಿಂದ ಫೋನು ಹಚ್ಚಿಸಿ ಬರುವುದಿಲ್ಲ ಎಂದೆ. ಯಾಕೆ ಎಂದ. ಕಣ್ಣಿಲ್ಲ ಎಂದೆ. ನಮ್ಮ ಅಪ್ಪನಿಗೂ ಹಾಗೇ ಆಗಿತ್ತು, ಪೊರೆ ತೆಗೆಸಿದ ಮೇಲೆ ಸರಿ ಹೋಯಿತು ಅಂದ. ಕೆಲಸದ ಮಾತು ಎತ್ತಲಿಲ್ಲ.

ಬುಶ್ರಾ ವಿಜಾಪುರದ ಆಸ್ಪತ್ರೆಗೆ ತಾರೀಖು ಹಾಕಿಸಿದ್ದಾಳೆ. ಮಾರ್ಚ್ 11. ಮೊದಲು ಬಲಗಣ್ಣು. ಗಿಡಕ್ಕೆ ಚಾಕು ಹಾಕುವವನು ನಾನು. ಈಗ ನನಗೇ ಹಾಕುತ್ತಾರೆ.


ಮಾರ್ಚ್ 23, ರವಿವಾರ

ಈ ಡೈರಿಯ ಗೆರೆ ಅಷ್ಟೇನೂ ಸಣ್ಣದಲ್ಲ. ಬಲಗಣ್ಣು ತೆರೆದು ಹಿಂದಿನ ಪುಟ ಓದಿದೆ. ಬುಶ್ರಾ ಅಂದದ್ದು ಖರೆ. ಇರುವೆ ಸಾಲು. ಕೆಲವು ಕಡೆ ಒಂದರ ಮೇಲೊಂದು ಬರೆದಿದ್ದೇನೆ.

ಇವತ್ತು ಪರಪ್ಪನ ತೋಟಕ್ಕೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಹೋದೆ.

ಕುರಿಗಳಲ್ಲಿ ಯಾವುದು ಪೈಪಿನದು ಎಂದು ದೂರದಿಂದಲೇ ತಿಳಿಯಿತು. ಬಾಟಲಿಯ ಗೋಡೆ ನಾನು ತಿಳಿದದ್ದಕ್ಕಿಂತ ಬಹಳ ಬಣ್ಣ. ನೀಲಿಯೂ ಇದೆ. ನೀಲಿ ಇದೆ ಎಂದು ಯಾರೂ ಹೇಳಿರಲಿಲ್ಲ. ಕೌದಿಯ ಹೊಲಿಗೆ ಒಂದೊಂದೂ ಕಂಡಿತು. ಎಷ್ಟು ಸಣ್ಣ ಹೊಲಿಗೆ ಹಾಕಿದ್ದಾಳೆ ಆ ತಾಯಿ.

ಕೈಯ ಮುಂದೆ ನಿಂತೆ. ಸಂಗು ಬಂದು ಪಕ್ಕದಲ್ಲಿ ನಿಂತ.

"ಕಾಕಾರ, ಗಾರೆ ಕಲಸಿಟ್ಟೇನಿ. ನೀವು ಹ್ಞೂಂ ಅಂದ್ರ ಆ ದಾರಕ್ಕ ಇನ್ನೊಂದ ಗಂಟು ಹಾಕಿಬಿಡ್ತೇನಿ. ನೋಡಿದವರಿಗೆ ಸರಿ ಕಾಣ್ತೈತಿ."

ನೋಡಿದೆ. ಒಂದೇ ಗಂಟು. ಈಗ ಕಣ್ಣಿಗೂ ಒಂದೇ.

"ಬ್ಯಾಡ. ಇರಲಿ" ಎಂದೆ.

"ಮಂದಿ ಕೇಳ್ತಾರ್ರಿ."

"ಕೇಳಿದ್ರ ಹೇಳು."

ಭಾಗ್ಯಾ ತೊಟ್ಟಿಯ ಹತ್ತಿರ ಇದ್ದಳು. ಒಳಗೆ ಕೊತಕೊತ ಸದ್ದು. ಕೈ ಒರೆಸಿಕೊಂಡು ಬಂದಳು. ಒಂದು ಡಬ್ಬಿಯಲ್ಲಿ ಒಣದ್ರಾಕ್ಷಿ ಕೊಟ್ಟಳು. ಆ ಅರವತ್ತೊಂದರದು. "ರೋಜಾ ಬಿಡೂ ಹೊತ್ತಿಗೆ ತಿನ್ರಿ. ಬೀಜಾ ಹುಡುಕಬ್ಯಾಡ್ರಿ" ಎಂದಳು.

ಗೇಟಿನ ತನಕ ಬಂದಳು. ಎರಡನೇ ಕಣ್ಣು ಯಾವಾಗ ಎಂದು ಕೇಳಿದಳು. ರಮಜಾನ್ ಆದ ಮೇಲೆ, ಎಪ್ರಿಲ್ ಎಂದೆ. ಲೆಕ್ಕ ಹಾಕಿದಳು ಬೆರಳಲ್ಲಿ. ಎಪ್ರಿಲ್, ಮೇ, ಜೂನ್, ಜುಲೈ.

"ಆಗಸ್ಟ್ ಹತ್ತರ ಮ್ಯಾಲ ಕಡ್ಡಿ ತರಿಸ್ತೇನ್ರಿ. ಕಡ್ಡಿ ಕಟ್ಟಿಗೆ ಗಂಟ ನೀವ ಒಬ್ಬರ ಹಾಕೂದಿಲ್ಲ. ಎದುರಿಗೆ ಇನ್ನೊಬ್ಬರು ಎಣಿಸ್ಬೇಕು. ಒಪ್ಪಿಗಿ ಐತೇನು?"

ಐತಿ ಎಂದೆ. ಬಿಸಿಲಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಅದೇ.

ಎಣಿಸಲು ಯಾರನ್ನು ಕೂರಿಸುವುದು. ಬುಶ್ರಾಗೆ ಕಾಲೇಜು. ದಾರ, ಚೀಲ, ನೀರು — ಈ ಮನೆಯಲ್ಲಿ ಅದರ ಶಿಸ್ತು ತಿಳಿದವಳು ಒಬ್ಬಳೇ. ಕೇಳಬೇಕು. ಸುಮ್ಮನೆ ಕೇಳಿದರೆ ಆಗದು. ಗಂಟು ನೀನು ಬಿಚ್ಚಿದೆ ಎಂದು ಕೂಗಿದೆನಲ್ಲ ಆ ದಿನ. ಅದನ್ನು ಮೊದಲು ತೆಗೆಯಬೇಕು. ಎರಡು ತಿಂಗಳಾಯಿತು. ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಒಳಗೆ ತಾಟು ಇಡುತ್ತಿದ್ದಾಳೆ. ಅಜಾನ್‌ಗೆ ಇನ್ನೂ ಸ್ವಲ್ಪ ಹೊತ್ತಿದೆ. ಡಬ್ಬಿ ಎತ್ತಿಕೊಂಡು ಹೋಗಿ, ಎದುರಿಗೆ ಕೂತು, ಜೈತುನ, ಆ ಗಂಟು ನೀ ಮುಟ್ಟಿಲ್ಲ, ತಪ್ಪಿದವ ನಾ ಎನ್ನಬೇಕು.